ಗಿಡ ಕೀಳುವುದು ಪಾಪವೇ?

1983ರಲ್ಲಿ ಪಶ್ಚಿಮ ಜರ್ಮನಿಯ ಹಸಿರು ಪಕ್ಷ ಗಿಡ ಹಿಡಿದುಕೊಂಡೇ ಸಂಸತ್ತಿಗೆ ಹೋಯಿತು. ಗಿಡಮರಕ್ಕೂ ಒಂದು ಪಕ್ಷ! ಒಳ್ಳೆಯದೇ. ನಮ್ಮಲ್ಲೂ ಶಿವರಾಮ ಕಾರಂತರು ಕೈಗಾ ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಲ್ಲಿ ಓಟು ಕೇಳಿದರು, ಸೋತರು. ಆದರೆ ನಮ್ಮ ಸೊರಬದ ನೆರೆಯ ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಅದಕ್ಕೂ ಮೊದಲೇ, 1987ರ ನವೆಂಬರ್ 14ರಂದು, ಜನ ಗಿಡ ಕಿತ್ತರು. ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ಹಚ್ಚಿದರು. ಅದೇ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ.

ಯಾಕೆ ಕಿತ್ತರು? 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿತು. ಶಿವಮೊಗ್ಗವೂ ಸೇರಿ ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ನೆಲ ಅದಕ್ಕೆ. ಕಾಗದದ ಮೇಲೆ ಅದು ಪಾಳು. ಶಿಕಾರಿಪುರ, ಸೊರಬದ ಯಾವ ಕೇರಿಯಲ್ಲಾದರೂ ಕೇಳಿ ನೋಡಿ: ಇಂಥ ಪಾಳಿನಲ್ಲೇ ನಮ್ಮ ಎಮ್ಮೆ ಮೇದದ್ದು, ನಮ್ಮವ್ವಂದಿರು ಸೌದೆ ಆರಿಸಿದ್ದು. ತುಂಡು ಹೊಲ ಇಲ್ಲದವರಿಗೆ ಇದ್ದದ್ದು ಅದೊಂದೇ. ನೀಲಗಿರಿ ಸೊಪ್ಪನ್ನ ಮೇಕೆಯೂ ಮೂಸಲ್ಲ.

ಹಾಗಾದರೆ ಕಿತ್ತವರು ಹಸಿರಿನ ವೈರಿಗಳೇ? ಅಲ್ಲ ಅಂತೀವಿ ನಾವು. ಯಾರ ನೆಲದಲ್ಲಿ, ಯಾರ ಹೊಟ್ಟೆಗಾಗಿ ನೆಟ್ಟಿರಿ ಅಂತ ಕೇಳದ ವೃಕ್ಷಪ್ರೇಮ ಬಂಗಲೆ ಕಾಂಪೌಂಡಿನೊಳಗಿನ ಪ್ರೇಮ.

ಹೋರಾಟ ಸುಪ್ರೀಂ ಕೋರ್ಟಿಗೂ ಹೋಯಿತು. 1991ರಲ್ಲಿ ಕಂಪನಿ ಮುಚ್ಚಿತು. ಈಗ ನೆಲ ಯಾರದು? ಊರಿನದು ಅಂತಾರೆ. ಊರು ಅಂದರೆ ಯಾರು ಸ್ವಾಮಿ? ಗೋಮಾಳ ಉಳಿಸುವಾಗ 'ನಮ್ಮೂರು' ಅಂದವರು ಬಾವಿಯ ಹತ್ತಿರ ಬಂದಾಗ 'ನಿಮ್ಮ ಕೇರಿ' ಅಂದದ್ದನ್ನ ನಾವು ಕೇಳಿಲ್ಲವೇ?

ಭದ್ರಾವತಿಯ ಕಾಗದ ಕಾರ್ಖಾನೆ ನಿಂತ ಮೇಲೂ ಅದರ ನೆಡುತೋಪುಗಳ ಗುತ್ತಿಗೆಯನ್ನು 2020ರಲ್ಲಿ ಮತ್ತೆ 40 ವರ್ಷಕ್ಕೆ ಮುಂದುವರಿಸಿದರು. ಅಕೇಸಿಯಾ ಕೀಳಲು ನಾವೂ ಬರ್ತೀವಿ. ಆದರೆ ಅಲ್ಲಿ ಏನು ಹಚ್ಚಬೇಕು ಅಂತ ತೀರ್ಮಾನಿಸುವ ಸಭೆಯಲ್ಲೂ ನಮಗೆ ಚಾಪೆ ಹಾಸಿರಬೇಕು.