ಸಂಭ್ರಮದಲ್ಲಿ ಯಾರಿಗೆ ಸ್ಥಳ?

ನಾಮಕರಣವಾಗಲಿ, ಗೃಹಪ್ರವೇಶವಾಗಲಿ, ಹಗಲಿನಲ್ಲಿ ಜಂಗಮಪೂಜೆ, ಪ್ರಸಾದ, ಬಂಧುಬಳಗದ ಕೂಟ. ಕತ್ತಲಾಗುತ್ತಲೇ ಮನೆಯ ಗಂಡಸರು ಗುಂಪಾಗಿ ಪೇಟೆಯ ಬಾರುಗಳತ್ತ ನಡೆಯುವುದು ಈಚೆಗೆ ಪರಿಪಾಠವಾಗುತ್ತಿದೆ. ಮದ್ಯದ ದೋಷವನ್ನು ಸದ್ಭಕ್ತರು ಬಲ್ಲರು. ಅದನ್ನು ಮತ್ತೆ ಹೇಳಬೇಕಿಲ್ಲ. ನಮ್ಮ ಪ್ರಶ್ನೆ ಬೇರೆ.

“ಸ್ನೇಹಿತರೊಡನೆ ಕೂಡಿ ನಲಿಯುವುದೂ ತಪ್ಪೇ, ಬುದ್ಧಿ?” ಎಂದು ತರುಣರು ಕೇಳುವುದುಂಟು. ಕೂಡುವುದು ತಪ್ಪಲ್ಲ. ಆದರೆ ನಸುಕಿನಲ್ಲೆದ್ದು ಹೋಳಿಗೆ ಬೇಯಿಸಿದ ತಾಯಿಗೆ, ಅಕ್ಕತಂಗಿಯರಿಗೆ ಆ ಕೂಟದಲ್ಲಿ ಸ್ಥಳವೆಲ್ಲಿ? ಮಧ್ಯಾಹ್ನ ಒಂದೇ ಪಂಕ್ತಿಯಲ್ಲಿ ಉಂಡವರು ರಾತ್ರಿ ಎರಡಾಗುತ್ತಾರೆ. ಮನೆಯ ಅರ್ಧವನ್ನು ಬಿಟ್ಟುಹೋಗುವ ಸಂತೋಷವನ್ನು ಮನೆಯ ಸಂತೋಷವೆನ್ನಬಹುದೇ?

ಕಾನೂನೇ ಇದನ್ನು ತಡೆಯಲಿ ಎನ್ನುವವರಿದ್ದಾರೆ. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಅಂಗಡಿಗಳು ಮುಚ್ಚಿದವು, ಬಾರುಗಳು ಉಳಿದವು. ಯಾರನ್ನು ಬಿಟ್ಟು ನಲಿಯಬೇಕೆಂಬುದನ್ನು ಸರ್ಕಾರ ತೀರ್ಮಾನಿಸಲಾರದು. ಗಂಡಸರು ಹಿಂದಿರುಗುವ ವೇಳೆಗೆ ಪಾತ್ರೆಗಳೆಲ್ಲ ತೊಳೆದಾಗಿರುತ್ತವೆ. ಒಬ್ಬಳು ಮಾತ್ರ ಬಾಗಿಲ ಬಳಿ ಎಚ್ಚರವಾಗಿ ಕುಳಿತಿರುತ್ತಾಳೆ.