ಕರ್ತೃತ್ವವೂ ಕಡಲಗಾಳಿಯೂ

ಮನುಷ್ಯನು ತಾನು ಮಾಡಿದೆನೆಂದು ಹೇಳಿಕೊಳ್ಳುವ ಕಾರ್ಯದಲ್ಲಿ ನಿಜವಾಗಿ ಅವನ ಪಾಲೆಷ್ಟು ಎಂಬ ಪ್ರಶ್ನೆ ನಮ್ಮ ವಿಚಾರಪರಂಪರೆಯಲ್ಲಿ ಬಹು ಹಳೆಯದು. ಯೋಗವಾಸಿಷ್ಠದ ಮುಮುಕ್ಷುಪ್ರಕರಣವು ದೈವವೆಂಬುದು ಬರಿಯ ಕಲ್ಪನೆ, ಇರುವುದು ಪೌರುಷವೊಂದೇ ಎಂದು ಸಾಧಿಸಹೊರಟರೆ, ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಕರ್ಮಕ್ಕೆ ಐದು ಕಾರಣಗಳನ್ನು ಎಣಿಸಿ, ಕರ್ತೃವನ್ನು ಆ ಐವರಲ್ಲಿ ಒಬ್ಬನನ್ನಾಗಿ ಮಾತ್ರ ಕೂರಿಸಿ, ಐದನೆಯ ಪೀಠವನ್ನು ದೈವಕ್ಕೆ ಕೊಟ್ಟಿದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಜೀವನು ಕರ್ತೃವಾಗದಿದ್ದರೆ ಶಾಸ್ತ್ರದ ವಿಧಿಗಳೇ ವ್ಯರ್ಥವಾಗುವುವೆಂಬ ವಾದವೂ, ಆ ಕರ್ತೃತ್ವವಾದರೋ ಪರಮಾತ್ಮನಿಂದಲೇ ಒದಗಿದುದೆಂಬ ನಿರ್ಣಯವೂ ಕೆಲವೇ ಸೂತ್ರಗಳ ಅಂತರದಲ್ಲಿ ಬರುತ್ತವೆ. ಮಠದ ಜಗಲಿಯಲ್ಲಿ ಕುಳಿತು ಇದನ್ನು ಚರ್ಚಿಸಿದವರು ಅಸಂಖ್ಯರು; ಬೈಸಿಕಲ್ಲಿನ ಮೇಲೆ ಕುಳಿತು ಚರ್ಚಿಸಿದವರು ವಿರಳ. ಆದರೂ ಈ ಪ್ರಶ್ನೆಯನ್ನು ಮೈಯಿಂದಲೇ ಪರೀಕ್ಷಿಸಬಯಸುವವನಿಗೆ ಉಡುಪಿಯ ಕರಾವಳಿಗಿಂತ ಒಳ್ಳೆಯ ಸ್ಥಳ ದೊರೆಯಲಾರದೆಂದೇ ನನ್ನ ಅಭಿಪ್ರಾಯ.

ಉದ್ಯಾವರದ ಹೊಳೆಯು ಸಮುದ್ರದ ಸಮೀಪಕ್ಕೆ ಬಂದಮೇಲೆ, ಎದುರಿಗೇ ಕಾಣುವ ಕಡಲನ್ನು ಒಡನೆಯೇ ಸೇರದೆ, ಏನೋ ಸಂಕೋಚಗೊಂಡಂತೆ ಬಡಗಣಕ್ಕೆ ತಿರುಗಿ, ತೀರಕ್ಕೆ ಸಮಾನಾಂತರವಾಗಿ ಹರಿದು, ಮಲ್ಪೆಯಲ್ಲಿ ಅಳಿವೆಯನ್ನು ಕಾಣುತ್ತದೆ. ಹೀಗೆ ಹೊಳೆಗೂ ಕಡಲಿಗೂ ನಡುವೆ ಉಳಿದ ಕಿರಿದಾದ ಮರಳುನೆಲವೇ ಪಡುಕೆರೆ. ಮಲ್ಪೆಯ ಸೇತುವೆಯನ್ನು ದಾಟಿ ಈ ಪಟ್ಟಿಯ ಮೇಲೆ ತೆಂಕಣಕ್ಕೆ ಹೊರಟವನಿಗೆ ಎಡಕ್ಕೆ ಹೊಳೆ, ಬಲಕ್ಕೆ ಸಮುದ್ರ. ನಡುವೆ ತೆಂಗಿನ ಸಾಲು, ಒಣಗಹಾಕಿದ ಬಲೆ, ಮೊಗವೀರರ ಮನೆಗಳು, ಅಲ್ಲಲ್ಲಿ ಭಜನಾಮಂದಿರ. ಮುಂದೆ ಮಟ್ಟು ಗ್ರಾಮ. ಸೋದೆಯ ವಾದಿರಾಜರು ಕರುಣಿಸಿದ ಬೀಜದಿಂದ ಬೆಳೆಯಿತೆಂದು ಜನ ನಂಬುವ ಗುಳ್ಳದ ಗದ್ದೆಗಳು ಅಲ್ಲಿವೆ. ಅದರಾಚೆಗೆ ಕಾಪುವಿನಲ್ಲಿ, 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭ. ಹೆದ್ದಾರಿಯ ಲಾರಿಗಳೆಲ್ಲ ಮೂಡಣಕ್ಕೆ ದೂರದಲ್ಲಿ ಓಡುವುದರಿಂದ ಇಲ್ಲಿ ಗದ್ದಲವಿಲ್ಲ. ಈ ದಾರಿಯಲ್ಲಿ ಏರೂ ಇಲ್ಲ, ಇಳಿಜಾರೂ ಇಲ್ಲವೆಂಬುದು ನನ್ನ ವಾದಕ್ಕೆ ಬಹು ಮುಖ್ಯವಾದ ಸಂಗತಿ. ಏಕೆಂದರೆ ದಣಿದವನು ದಿಣ್ಣೆಯನ್ನು ದೂರುವಂತಿಲ್ಲ, ವೇಗವಾಗಿ ಹೋದವನು ಇಳಿಜಾರಿಗೆ ಕೃತಜ್ಞನಾಗಬೇಕಾದುದಿಲ್ಲ. ಉಳಿಯುವುದು ಸವಾರ ಮತ್ತು ಗಾಳಿ.

ಮಳೆಗಾಲ ಕಳೆದ ಮೇಲೆ ಈ ತೀರದಲ್ಲಿ ಗಾಳಿಗೆ ಒಂದು ದಿನಚರಿಯುಂಟು. ಬೆಳಗಿನ ಜಾವದಲ್ಲಿ ನೆಲದ ಕಡೆಯಿಂದ ಕಡಲ ಕಡೆಗೆ ಮೆಲ್ಲನೆ ಸುಳಿಯುವ ಗಾಳಿಯು, ಬಿಸಿಲೇರಿ ನೆಲವು ನೀರಿಗಿಂತ ಬೇಗನೆ ಕಾಯ್ದೊಡನೆ ದಿಕ್ಕನ್ನು ಬದಲಿಸಿ ಕಡಲಿನಿಂದ ಬೀಸತೊಡಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಸಾಮಾನ್ಯವಾಗಿ ವಾಯವ್ಯದಿಂದ ಬಲವಾಗಿ ಬರುತ್ತದೆ. ಆ ದಿಕ್ಕಿನ ಅಧಿಪತಿ ವಾಯುವೆಂದು ನಮ್ಮ ಹಿರಿಯರು ನಿಯಮಿಸಿರುವುದು ಕರಾವಳಿಯ ಸವಾರರ ಅನುಭವವನ್ನು ಕೇಳಿಯಲ್ಲವಾದರೂ, ಕೇಳಿದ್ದರೂ ಬೇರೆ ಉತ್ತರ ಬರುತ್ತಿರಲಿಲ್ಲ.

ಮಧ್ಯಾಹ್ನದ ಮೇಲೆ ಪಡುಕೆರೆಯಿಂದ ತೆಂಕಣಕ್ಕೆ ಹೊರಟ ಸವಾರನಿಗೆ ಈ ಗಾಳಿ ಬೆನ್ನ ಹಿಂದಿನದು. ಅವನಿಗೆ ಅದರ ಅರಿವು ಮಾತ್ರ ಆಗುವುದೇ ಇಲ್ಲ. ಗಾಳಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹಿಂದಿನಿಂದ ಬರುತ್ತಿದ್ದು, ಅವನು 20 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಹೋಗುತ್ತಿದ್ದರೆ, ಅವನ ಮುಖಕ್ಕೆ ಬಡಿಯುವುದು 10 ಕಿಲೋಮೀಟರ್ ವೇಗದ ಎದುರುಗಾಳಿಯೇ. ಯಾವುದು ಅವನನ್ನು ನೂಕುತ್ತಿದೆಯೋ ಅದೇ ಅವನ ಚರ್ಮಕ್ಕೆ ತಡೆಯಂತೆ ತೋರುತ್ತದೆ! ಉಪಕಾರವು ಉಪಕಾರದ ವೇಷದಲ್ಲಿ ಬರಬೇಕೆಂದು ನಿರೀಕ್ಷಿಸುವವರು ಈ ಲೆಕ್ಕವನ್ನು ನಿಧಾನವಾಗಿ ನೋಡಬೇಕು. ಹೀಗಾಗಿ ಸವಾರನು ಎದುರು ಸುಳಿಯುವ ತಂಪುಗಾಳಿಯನ್ನೂ ಸೀಳಿಕೊಂಡು ತಾನು ಇಷ್ಟು ಸಲೀಸಾಗಿ ಹೋಗುತ್ತಿರುವುದಕ್ಕೆ ತನ್ನ ತೊಡೆಗಳೇ ಕಾರಣವೆಂದು, ಬೆಳಗಿನ ವ್ಯಾಯಾಮವೇ ಕಾರಣವೆಂದು, ಕೊನೆಗೆ ತನ್ನ ವಂಶದ ಗುಣವೇ ಕಾರಣವೆಂದು ನಂಬುತ್ತ ಮಟ್ಟುವನ್ನು ದಾಟುತ್ತಾನೆ.

ಕಾಪುವಿನಲ್ಲಿ ಅವನು ಹಿಂತಿರುಗಲಿ. ದಾರಿ ಅದೇ, ಕಾಲು ಅದೇ, ಬೈಸಿಕಲ್ಲೂ ಅದೇ. ಅದೇ 20 ಕಿಲೋಮೀಟರ್ ವೇಗವನ್ನು ಉಳಿಸಿಕೊಳ್ಳಬೇಕೆಂದರೆ ಈಗ ಅವನ ಎದೆಗೆ ತಾಗುವ ಗಾಳಿಯ ವೇಗ 30 ಕಿಲೋಮೀಟರ್. ಗಾಳಿಯ ತಡೆಯು ಇಂಥ ಸಾಪೇಕ್ಷವೇಗದ ವರ್ಗವನ್ನು ಅನುಸರಿಸಿ ಬೆಳೆಯುವುದರಿಂದ, ವೇಗವು ಮೂರು ಪಟ್ಟಾದಾಗ ತಡೆಯು ಒಂಬತ್ತು ಪಟ್ಟಾಗುತ್ತದೆ. ಯಾರಿಗೂ ಅದನ್ನು ಬಹುಕಾಲ ಸಹಿಸಲಾಗದು. ಸವಾರನು ವೇಗವನ್ನು ತಗ್ಗಿಸುತ್ತಾನೆ. ವೇಗ ತಗ್ಗಿದುದರಿಂದ ಆ ಕಷ್ಟದಲ್ಲಿ ಕಳೆಯುವ ಕಾಲವು ಇನ್ನೂ ದೀರ್ಘವಾಗುತ್ತದೆ. ಹೋಗುವ ದೂರವೂ ಬರುವ ದೂರವೂ ಸಮವಾದರೂ ಸುಖದ ಗಳಿಗೆಗಳೂ ದುಃಖದ ಗಳಿಗೆಗಳೂ ಸಮವಾಗುವುದಿಲ್ಲ. ಬಾಳಿನಲ್ಲಿ ಪ್ರತಿಕೂಲವೇ ಹೆಚ್ಚೆಂದು ಜನರು ಹೇಳುವುದನ್ನು ಬರಿಯ ಕೃತಘ್ನತೆಯೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದಿರುವುದಕ್ಕೆ ಈ ಗಣಿತವೇ ಕಾರಣ. ಅವರು ಎದುರುಗಾಳಿಯಲ್ಲಿ ನಿಜವಾಗಿಯೂ ಹೆಚ್ಚು ಹೊತ್ತು ಇದ್ದವರು.

ಇದೇ ಮಲ್ಪೆಯ ತೀರದಲ್ಲಿ, ದ್ವಾರಕೆಯಿಂದ ಬರುತ್ತಿದ್ದ ಹಡಗೊಂದು ಬಿರುಗಾಳಿಗೆ ಸಿಕ್ಕಿದಾಗ, ಮಧ್ವಾಚಾರ್ಯರು ದಡದಲ್ಲಿ ನಿಂತು ತಮ್ಮ ಉತ್ತರೀಯವನ್ನು ಬೀಸಿ ಅದನ್ನು ಉಳಿಸಿದರೆಂದೂ, ನಾವಿಕನು ಕೊಡಬಂದ ಐಶ್ವರ್ಯವನ್ನು ಒಲ್ಲದೆ ಗೋಪೀಚಂದನದ ಹೆಂಟೆಯನ್ನು ಮಾತ್ರ ಬೇಡಿದರೆಂದೂ, ಉಡುಪಿಯ ಕೃಷ್ಣನು ಅದರೊಳಗಿಂದ ಪ್ರಕಟನಾದನೆಂದೂ ಐತಿಹ್ಯವುಂಟು. ಅವರ ಅನುಯಾಯಿಗಳು ಆಚಾರ್ಯರನ್ನು ಹನುಮಂತ ಭೀಮರ ತರುವಾಯ ವಾಯುವಿನ ಮೂರನೆಯ ಅವತಾರವೆಂದು ಭಾವಿಸುವುದರಿಂದ, ಆ ಕಥೆಯಲ್ಲಿ ಹಡಗನ್ನು ಅಪಾಯಕ್ಕೆ ಒಡ್ಡಿದವನೂ ವಾಯು, ದಡಕ್ಕೆ ತಂದವನೂ ವಾಯು. ತತ್ತ್ವವು ಸ್ವತಂತ್ರ, ಅಸ್ವತಂತ್ರ ಎಂದು ಎರಡೇ ಬಗೆಯದೆಂಬ ಮಾತಿನಿಂದ ತಮ್ಮ ದರ್ಶನವನ್ನು ಕಟ್ಟಿದ ಈ ಆಚಾರ್ಯರು ಜೀವನ ಕರ್ತೃತ್ವವನ್ನು ಅಲ್ಲಗಳೆಯಲಿಲ್ಲ. ಅದು ಸತ್ಯ, ಆದರೆ ಪರಾಧೀನ ಎಂದರು. ಶಂಕರರ ನಿಲುವು ಬೇರೆ. ಬಾಚಿ ಮೊದಲಾದ ಉಪಕರಣಗಳನ್ನು ಹಿಡಿದಾಗ ದುಡಿಯುವವನೂ, ಅವನ್ನು ಕೆಳಗಿಟ್ಟು ಮನೆ ಸೇರಿದಾಗ ನೆಮ್ಮದಿಯವನೂ ಆಗುವ ಬಡಗಿಯ ದೃಷ್ಟಾಂತವನ್ನು ಸೂತ್ರದಿಂದ ಎತ್ತಿಕೊಂಡು, ಕರ್ತೃತ್ವವು ಆತ್ಮನಿಗೆ ಸಹಜವಲ್ಲ, ಉಪಾಧಿಯಿಂದ ಅಂಟಿದ್ದು ಎಂದು ಅವರು ವಿವರಿಸುತ್ತಾರೆ. ಬೈಸಿಕಲ್ಲನ್ನು ತೆಂಗಿನ ಮರಕ್ಕೆ ಒರಗಿಸಿ ಮರಳಿನ ಮೇಲೆ ಕಾಲುಚಾಚಿದವನಿಗೆ ಈ ವ್ಯಾಖ್ಯಾನ ಹಿತವಾಗಿಯೇ ಕಾಣುತ್ತದೆ. ಆದರೆ ಎದುರುಗಾಳಿಯಲ್ಲಿ ಪೆಡಲನ್ನು ತುಳಿಯುತ್ತಿರುವಾಗ, ತುಳಿಯುವವನು ನಾನಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಕಾಲನ್ನು ನಿಲ್ಲಿಸಿದರೆ ಬೈಸಿಕಲ್ಲೂ ನಿಲ್ಲುತ್ತದೆ. ಹಾಗೆಂದು ನಾನೊಬ್ಬನೇ ಇದನ್ನು ನಡೆಸುತ್ತಿದ್ದೇನೆಂದು ಹೇಳುವ ಧೈರ್ಯವನ್ನು ಗಾಳಿ ಮೊದಲೇ ಕಿತ್ತುಕೊಂಡಿರುತ್ತದೆ. ಈ ಎರಡು ಅಧೈರ್ಯಗಳ ನಡುವೆ ಉಳಿಯುವ ಸ್ಥಾನವು ಮಧ್ವರದೇ.

ಗಾಳಿಯೆಂಬುದು ಬಿಸಿಲಿನ ಪರಿಣಾಮ, ಅದಕ್ಕೆ ದೈವದ ಹೆಸರೇಕೆ ಎಂದು ವಿಜ್ಞಾನವನ್ನು ಓದಿದವರು ಕೇಳಬಹುದು. ಯಾವ ಹೆಸರಿಟ್ಟರೂ ಚಿಂತೆಯಿಲ್ಲ. ಅದು ನನ್ನದಲ್ಲ ಎಂಬುದು ಒಪ್ಪಿಗೆಯಾದರೆ ಸಾಕು. ಗೀತೆಯ ಪಟ್ಟಿಯಲ್ಲಿ ಕರಣವೆಂಬುದೂ ಒಂದು ಕಾರಣವಾಗಿರುವುದರಿಂದ, ಇಂದಿನ ಬೈಸಿಕಲ್ಲಿಗೆ ಮಾದರಿಯಾದ ಗಾಡಿಯನ್ನು 1885ರಲ್ಲಿ ಕವೆಂಟ್ರಿಯಲ್ಲಿ ನಿರ್ಮಿಸಿದ ಸ್ಟಾರ್ಲಿಯ ಋಣವೂ, 1888ರಲ್ಲಿ ಗಾಳಿ ತುಂಬಿದ ಟಯರನ್ನು ಬಳಕೆಗೆ ತಂದ ಡನ್‌ಲಪ್‌ನ ಋಣವೂ ಸವಾರನ ಲೆಕ್ಕಕ್ಕೆ ಸೇರಬೇಕು.

ನನಗೆ ಒಪ್ಪಿಗೆಯಾಗದ ಭಾಗವೊಂದಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಮಧ್ವಮತವು ಜೀವರೊಳಗೆ ಸ್ವಭಾವಸಿದ್ಧವಾದ ತಾರತಮ್ಯವನ್ನು ಹೇಳಿ, ಕೆಲವರಿಗೆ ಮೋಕ್ಷ, ಕೆಲವರಿಗೆ ನಿತ್ಯಸಂಸಾರ, ಕೆಲವರಿಗೆ ತಮಸ್ಸು ಎಂದು ಗತಿಯನ್ನು ವಿಭಾಗಿಸುತ್ತದೆ. ಪಡುಕೆರೆಯ ದಾರಿಯಲ್ಲಿ ಬಡಗಣಕ್ಕೆ ಹೋಗುವವನು ಸ್ವಭಾವದಿಂದ ನಿಧಾನಿಯಲ್ಲ, ತೆಂಕಣಕ್ಕೆ ಹೋಗುವವನು ಸ್ವಭಾವದಿಂದ ಚುರುಕಲ್ಲ. ಅವರು ಹೊರಟ ದಿಕ್ಕು ಬೇರೆ, ಅಷ್ಟೆ. ಒಬ್ಬನ ಹಿನ್ನಡೆಯನ್ನು ಕಂಡು ಅದು ಅವನ ಯೋಗ್ಯತೆಯೆಂದು ತೀರ್ಮಾನಿಸುವ ಮುನ್ನ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನೋಡುವ ಸೌಜನ್ಯವನ್ನು ಯಾವ ಸಿದ್ಧಾಂತವೂ ಕಸಿದುಕೊಳ್ಳಬಾರದು. ಪಾರತಂತ್ರ್ಯವನ್ನು ಅಷ್ಟು ಸ್ಪಷ್ಟವಾಗಿ ಕಂಡ ಆಚಾರ್ಯರು ಈ ಕಡೆಗೆ ಏಕೆ ತಿರುಗಿದರೆಂಬುದಕ್ಕೆ ಪಂಡಿತರು ಕೊಡುವ ಸಮಾಧಾನಗಳನ್ನು ಓದಿದ್ದೇನೆ. ಅವು ನನ್ನನ್ನು ಒಲಿಸಿಲ್ಲ.

ಈ ವಾದವನ್ನು ಓದಿ ನಂಬಬೇಕಾಗಿಲ್ಲ. ಮಾಗಿಯ ದಿನಗಳಲ್ಲಿ ಯಾರಾದರೂ ಪಡುಕೆರೆಗೆ ಹೋಗಿ, ಮಧ್ಯಾಹ್ನದ ಮೇಲೆ ತೆಂಕಣಕ್ಕೆ ಹೊರಟು, ಕಾಪುವಿನ ದೀಪಸ್ತಂಭದ ಬಳಿ ಎಳನೀರು ಕುಡಿದು, ಕತ್ತಲಾಗುವ ಮೊದಲು ಅದೇ ದಾರಿಯಲ್ಲಿ ಬಡಗಣಕ್ಕೆ ಮರಳಿ ಬರಲಿ. ದಯವಿಟ್ಟು ಬೈಸಿಕಲ್ಲನ್ನು ಬಸ್ಸಿನ ಮೇಲೆ ಹೇರಿಕೊಂಡು ಮಾತ್ರ ಹಿಂತಿರುಗಬಾರದು.