ಮೊದಲೇ ಕಂಡವರು

ಹೆಸರು ಮಾಡಿದ ಗಾಯಕ ಹುಟ್ಟೂರಿಗೆ ಮರಳುತ್ತಾನೆ. ಅಲ್ಲಿ ಅವನನ್ನು ಮೊದಲಿನಿಂದ ಬಲ್ಲ ಹೆಣ್ಣೊಬ್ಬಳಿರುತ್ತಾಳೆ. ಮುಂದಿನದನ್ನು ಯಾರು ಬೇಕಾದರೂ ಹೇಳಬಹುದು. 2018ರ ‘ಫಾರೆವರ್ ಮೈ ಗರ್ಲ್’ ಎಂಬ ಅಮೆರಿಕನ್ ಚಿತ್ರ ಈ ಕಥೆಗೆ ಒಳ್ಳೆಯ ಮಾದರಿ. ಮದುವೆಯ ದಿನವೇ ವಧುವನ್ನು ಬಿಟ್ಟು ಓಡಿದ ಕಂಟ್ರಿ ಗಾಯಕ ಲಿಯಮ್ ಎಷ್ಟೋ ವರ್ಷಗಳ ಮೇಲೆ ಗೆಳೆಯನ ಅಂತ್ಯಕ್ರಿಯೆಗೆಂದು ಲೂಯಿಸಿಯಾನಾದ ತನ್ನ ಪುಟ್ಟ ಊರಿಗೆ ಬರುತ್ತಾನೆ. ತನಗೊಬ್ಬ ಮಗಳಿರುವುದು ಆಗ ಗೊತ್ತಾಗುತ್ತದೆ, ಅಂದಿನ ವಧು ಜೋಸಿಯ ಮನಸ್ಸು ಮೆಲ್ಲಗೆ ಕರಗುತ್ತದೆ. ಕಥೆಯ ಬಗ್ಗೆ ತಕರಾರಿಲ್ಲ. ಸಿಟ್ಟು ಬರುವುದು ಅದರ ಬೆನ್ನಿಗಿರುವ ನಂಬಿಕೆಯ ಮೇಲೆ: ಹೆಸರು ಬರುವ ಮುಂಚೆ ಕಂಡವರಿಗಷ್ಟೇ ನಿಜವಾದ ಮನುಷ್ಯ ಗೊತ್ತು, ಆಮೇಲೆ ಬಂದವರು ಪ್ರೀತಿಸಿದ್ದು ಹೆಸರನ್ನು. ಈ ಮಾತು ಆಮೇಲೆ ಬಂದವರಿಗೆ ಅನ್ಯಾಯ ಮಾಡುತ್ತದೆ. ಮೊದಲೇ ಇದ್ದವರಿಗಂತೂ ಇನ್ನೂ ಹೆಚ್ಚು, ಏಕೆಂದರೆ ಅವರನ್ನು ಬರೀ ಸಾಕ್ಷಿದಾರರನ್ನಾಗಿ ಮಾಡಿ ಕೂರಿಸುತ್ತದೆ.

ಪ್ರೀತಿಯನ್ನು ವಿವರಿಸಲು ಬಳಸುವ ಪ್ಲೇಟೋನ ಏಣಿ, ಉಪ್ಪಿನ ಗಣಿಯಲ್ಲಿ ಹರಳುಗಟ್ಟಿದ ಸ್ಟೆಂಡಾಲನ ಕೊಂಬೆ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಒಬ್ಬನಿಗೆ ವ್ಯಕ್ತಿಗಿಂತ ಮೇಲಿನದು ಬೇಕು, ಇನ್ನೊಬ್ಬನಿಗೆ ಕಲ್ಪನೆಯೇ ಸಾಕು.

ಗಟ್ಟಿ ಎದುರಾಳಿ ಅಮೆರಿಕದ ತತ್ವಜ್ಞಾನಿ ನಿಕೋ ಕೊಲೊಡ್ನಿ. 2003ರಲ್ಲಿ ‘ಫಿಲಾಸಫಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧದ ವಾದ ಹೀಗೆ ಸಾಗುತ್ತದೆ. ಪ್ರೀತಿಗೆ ಕಾರಣ ಆಕೆಯ ಚೆಲುವು, ಜಾಣತನ ಎನ್ನುವುದಾದರೆ ಅವು ಇನ್ನಷ್ಟಿರುವವಳು ಎದುರಾದಾಗ ಪ್ರೀತಿಯೂ ಅತ್ತ ವಾಲಬೇಕಿತ್ತು. ಚೆಲುವು ಮಾಸಿದಾಗ ಪ್ರೀತಿಯೂ ಮಾಸಬೇಕಿತ್ತು. ಹಾಗಾಗುವುದಿಲ್ಲ. ಆದ್ದರಿಂದ ಪ್ರೀತಿಗೆ ಕಾರಣ ಗುಣಗಳಲ್ಲ, ಇಬ್ಬರ ನಡುವಿನ ಸಂಬಂಧ. ಅಂದರೆ ಇಬ್ಬರೂ ಕೂಡಿ ಬಾಳಿದ ಚರಿತ್ರೆ. ಕೊಲೊಡ್ನಿ ಹುಟ್ಟೂರಿನ ಪ್ರಣಯಗಳ ಬಗ್ಗೆ ಬರೆದಿಲ್ಲ. ಆದರೆ ಆ ಸಿನಿಮಾಗಳ ನಂಬಿಕೆಗೆ ವಕೀಲರನ್ನು ಹುಡುಕುವುದಾದರೆ ಇವರಿಗಿಂತ ಒಳ್ಳೆಯವರು ಸಿಗಲಾರರು: ಚರಿತ್ರೆಯೇ ಕಾರಣವಾದರೆ, ಹಳೆಯ ಚರಿತ್ರೆಯುಳ್ಳವರಿಗೆ ಒಂದು ಹೆಜ್ಜೆ ಮುಂದಿನ ಸ್ಥಾನ ಸಿಗಬೇಡವೇ?

ಇಲ್ಲಿಯೇ ಈ ಲೇಖಕನಿಗೆ ತನ್ನ ಊರು ಅಡ್ಡ ಬರುತ್ತದೆ. ಅಲ್ಲಿಯ ಹುಡುಗನೊಬ್ಬ ಬೆಂಗಳೂರಿಗೆ ಹೋಗಿ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿಕೊಂಡಿದ್ದ. ಜಾತ್ರೆಯ ರಸಮಂಜರಿಗೆಂದು ಊರಿಗೆ ಬಂದವನು ತೇರುಬೀದಿಯ ಫ್ಯಾನ್ಸಿ ಸ್ಟೋರಿನ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಊರೆಲ್ಲ ಒಂದೇ ಮಾತು: ‘ಚಿಕ್ಕಂದಿನಿಂದ ಪರಿಚಯ ಅಲ್ವಾ!’ ಆ ಹೆಂಗಸು ಇದನ್ನು ಕೇಳಿ ನಗುತ್ತಿದ್ದರು. ಹೈಸ್ಕೂಲಿನ ಮೂರೂ ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದರೂ ಅವನ ಹೆಸರೇ ನೆಟ್ಟಗೆ ಗೊತ್ತಿರಲಿಲ್ಲ ಎನ್ನುತ್ತಿದ್ದರು. ಇಬ್ಬರೂ ಹಂಚಿಕೊಂಡದ್ದು ಶಾಲೆಯ ಗಂಟೆ, ಬಸ್ ಸ್ಟ್ಯಾಂಡು, ಬೇಕರಿ; ಪರಸ್ಪರರನ್ನಲ್ಲ. ಒಂದೇ ಊರಿನಲ್ಲಿ ಪಕ್ಕಪಕ್ಕ ಬೆಳೆದದ್ದು ಕೂಡಿ ಬಾಳಿದ್ದಾಗುವುದಿಲ್ಲ. ಚರಿತ್ರೆಯಿಂದ ಪ್ರೀತಿ ಹುಟ್ಟಲಿಲ್ಲ. ಪ್ರೀತಿ ಹುಟ್ಟಿದ ಮೇಲೆ ಊರು ಕೂತು ಚರಿತ್ರೆ ಬರೆಯಿತು.

ಪ್ರಸಿದ್ಧರ ಉದಾಹರಣೆ ಬೇಕೆಂದರೆ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ಗಾಯಕಿ ಪ್ಯಾಟಿ ಸ್ಕಾಲ್ಫಾ ಇದ್ದಾರೆ. ಇಬ್ಬರೂ ನ್ಯೂಜೆರ್ಸಿಯವರು, ಅವರು ಹುಟ್ಟಿದ್ದು 1949ರಲ್ಲಿ, ಇವರು 1953ರಲ್ಲಿ. ಅವರು ಬೆಳೆದದ್ದು ಫ್ರೀಹೋಲ್ಡ್ ಪಟ್ಟಣದಲ್ಲಿ, ಇವರು ಅದೇ ಕೌಂಟಿಯ ಕಡಲಂಚಿನ ಡೀಲ್‌ನಲ್ಲಿ. ಆಸ್ಬರಿ ಪಾರ್ಕಿನ ಸ್ಟೋನ್ ಪೋನಿ ಕ್ಲಬ್ಬು ಇಬ್ಬರಿಗೂ ಪರಿಚಿತ. 1984ರಲ್ಲಿ ಸ್ಕಾಲ್ಫಾ ಅವರ ‘ಇ ಸ್ಟ್ರೀಟ್ ಬ್ಯಾಂಡ್’ ಸೇರಿದರು. ಮರುವರ್ಷ ಸ್ಪ್ರಿಂಗ್‌ಸ್ಟೀನ್ ಮದುವೆಯಾದದ್ದು ನಟಿ ಜೂಲಿಯಾನ್ ಫಿಲಿಪ್ಸ್ ಅವರನ್ನು. ಆ ಮದುವೆ ಮುರಿದು, 1991ರಲ್ಲಿ ಸ್ಕಾಲ್ಫಾ ಜತೆ ಮದುವೆಯಾಯಿತು. ಲಾಸ್ ಏಂಜಲೀಸಿನಲ್ಲಿ ಕೆಲಕಾಲವಿದ್ದು ಸಂಸಾರ ನ್ಯೂಜೆರ್ಸಿಗೆ ಮರಳಿತು. ಊರು ಬಿಟ್ಟು ಓಡುವ ಹಾಡಿನಿಂದ 1975ರಲ್ಲಿ ಹೆಸರಾದವರು ಹುಟ್ಟೂರಿಗೆ ಹತ್ತು ನಿಮಿಷದ ದಾರಿಯಲ್ಲಿ ನೆಲೆಸಿದ್ದನ್ನು ಬ್ರಾಡ್‌ವೇ ರಂಗದ ಮೇಲೆ ತಾವೇ ಗೇಲಿ ಮಾಡಿಕೊಂಡರು.

ಹೊರಗಿನವಳೊಂದಿಗೆ ಬಾಳಲಿಲ್ಲ, ಊರಿನವಳೊಂದಿಗೆ ಬಾಳಿತು. ಸಿನಿಮಾದವರು ಕೈತಟ್ಟಬಹುದು. ಆದರೆ 2017ರಲ್ಲಿ ಶುರುವಾದ ಅದೇ ಬ್ರಾಡ್‌ವೇ ಪ್ರಯೋಗದಲ್ಲಿ ಅವರು ಒಪ್ಪಿಕೊಂಡ ಇನ್ನೊಂದು ಸಂಗತಿಯಿದೆ: ಕಾರ್ಖಾನೆಯ ದುಡಿಮೆಯನ್ನು ಅಷ್ಟೆಲ್ಲ ಹಾಡಿದರೂ ಅಲ್ಲಿ ಎಂದೂ ದುಡಿದವರಲ್ಲ, ಅದೆಲ್ಲ ಕಟ್ಟಿಕೊಂಡದ್ದು. ಹಾಗಾದರೆ ಕಡಲಂಚಿನವರು ಹೆಸರಿಗೆ ಮುಂಚೆ ಕಂಡದ್ದು ಯಾರನ್ನು? ಆಗಲೇ ವೇಷ ಕಟ್ಟಲು ತೊಡಗಿದ್ದ ಒಬ್ಬ ತರುಣನನ್ನು. ಅದೇ ರಂಗದ ಮೇಲೆ ದಂಪತಿ ಕೂಡಿ ಹಾಡಿದ್ದು ‘ಟಫರ್ ದ್ಯಾನ್ ದಿ ರೆಸ್ಟ್’ ಮತ್ತು ‘ಬ್ರಿಲಿಯಂಟ್ ಡಿಸ್‌ಗೈಸ್’. ಎರಡೂ 1987ರ ‘ಟನಲ್ ಆಫ್ ಲವ್’ ಆಲ್ಬಮ್ಮಿನವು, ಮೊದಲ ಮದುವೆಯ ಕಾಲದವು. ಎರಡನೆಯದಂತೂ ಗಂಡ ಹೆಂಡತಿಯನ್ನೂ ತನ್ನನ್ನೂ ನಂಬಲಾಗದೆ ಒದ್ದಾಡುವ ಹಾಡು. ಬೇರೊಂದು ದಾಂಪತ್ಯದ ಅನುಮಾನವನ್ನು ಈ ದಾಂಪತ್ಯ ತನ್ನದಾಗಿಸಿಕೊಂಡು ಹಾಡುತ್ತದೆ. ನಿಜವಾದ ಮನುಷ್ಯ ಮೊದಲಿಂದಲೂ ಗೊತ್ತು ಎನ್ನುವವರಿಗೆ ಈ ಹಾಡು ಯಾಕೆ ಬೇಕು?

ಸ್ವೀಡನ್ನಿನ ಕಾಯ್ ಪೊಲಾಕ್ 2004ರಲ್ಲಿ ಮಾಡಿದ ಚಿತ್ರ (‘ಸ್ವರ್ಗದಲ್ಲಿರುವಂತೆ’ ಎಂದು ಅದರ ಹೆಸರಿನ ಅರ್ಥ) ಇನ್ನೂ ಮುಂದೆ ಹೋಗುತ್ತದೆ. ಹೃದಯಾಘಾತವಾದ ಪ್ರಖ್ಯಾತ ವಾದ್ಯವೃಂದ ನಿರ್ದೇಶಕ ಡೇನಿಯಲ್ ಬಾಲ್ಯದ ಹಳ್ಳಿಗೆ ಬಂದು ಚರ್ಚಿನ ಹಾಡುಗಾರರ ತಂಡವನ್ನು ಪಳಗಿಸುತ್ತಾನೆ, ಅಂಗಡಿಯಲ್ಲಿ ಕೆಲಸ ಮಾಡುವ ಲೇನಾಳನ್ನು ಪ್ರೀತಿಸುತ್ತಾನೆ. ಅವನ ಹೆಸರು ಬದಲಾಗಿರುವುದರಿಂದ ಅವನು ಅಲ್ಲಿಯ ಹುಡುಗನೆಂದು ಹಳ್ಳಿಗೆ ತಿಳಿಯದು. ಹಳೆಯ ಚರಿತ್ರೆ ಅವನಿಗೆ ಕೊಟ್ಟಿದ್ದು ಪೆಟ್ಟು ಮಾತ್ರ. ಚಿಕ್ಕವನಾಗಿದ್ದಾಗ ಹೊಡೆಯುತ್ತಿದ್ದವನು ಈಗಲೂ ಅಲ್ಲೇ ಇದ್ದಾನೆ. ಪ್ರೀತಿ ಚಿಗುರಲು ಜಾಗ ಸಿಕ್ಕಿದ್ದು ಯಾರೂ ಗುರುತಿಸದಿದ್ದುದರಿಂದ.

ಆದರೂ ಕೊಲೊಡ್ನಿ ಅಷ್ಟು ಸುಲಭಕ್ಕೆ ಸೋಲುವವರಲ್ಲ. ಮೊದಲ ಸೆಳೆತ ಗುಣಗಳಿಂದ ಬರಬಹುದೆಂದು ಅವರೂ ಒಪ್ಪುತ್ತಾರೆ. ಸಂಬಂಧ ಕಾರಣವಾಗುವುದು ಆಮೇಲೆ. ಹಾಗಿದ್ದರೆ ಸ್ಪ್ರಿಂಗ್‌ಸ್ಟೀನ್ ದಂಪತಿಯ ಪ್ರೀತಿಗೆ ಇಂದಿನ ಕಾರಣ ಹುಟ್ಟಿ ಬೆಳೆದ ಊರಲ್ಲ, 1991ರಿಂದೀಚಿನ ಬದುಕು. ಇದನ್ನು ಒಪ್ಪಲೇಬೇಕು. ಊರು ಬಾಗಿಲು ತೆರೆದಿರಬಹುದು, ಅಷ್ಟೇ.

ಅಷ್ಟೇ ಎಂದು ಮುಗಿಸಲು ಕಾಳಿದಾಸ ಬಿಡುವುದಿಲ್ಲ. ‘ಅಭಿಜ್ಞಾನ ಶಾಕುಂತಲ’ದ ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡು ಕೇಳಿದ ದುಷ್ಯಂತ ಕಾರಣವಿಲ್ಲದೆ ತಳಮಳಗೊಳ್ಳುತ್ತಾನೆ. ಇದು ಜನ್ಮಾಂತರದ ಸ್ನೇಹದ ನೆನಪಿರಬೇಕೆಂದು ಸಮಾಧಾನ ಹೇಳಿಕೊಳ್ಳುತ್ತಾನೆ. ನೋಡುವವರಿಗೆ ಗೊತ್ತು, ಅದು ಹಿಂದಿನ ಜನ್ಮದ್ದಲ್ಲ, ಮೊನ್ನೆ ಮೊನ್ನೆಯದು, ಶಾಪದಿಂದ ಮರೆತದ್ದು. ಎಂದರೆ ನೆನಪಿಲ್ಲದ ಚರಿತ್ರೆಯೂ ಒಳಗೆ ಕೆಲಸ ಮಾಡುತ್ತಿರಬಹುದು, ಅದೂ ಹಾಡಿನ ಮೂಲಕ. ಇದು ಲೇಖಕನ ವಾದಕ್ಕೆ ನೇರ ಪೆಟ್ಟು. ಏಕೆಂದರೆ ಫ್ಯಾನ್ಸಿ ಸ್ಟೋರಿನ ಆಕೆ ಇನ್ನೊಂದು ಮಾತೂ ಹೇಳಿದ್ದರು: ಹೆಸರು ಗೊತ್ತಿರಲಿಲ್ಲ, ಆದರೆ ಹಿಂದಿನ ಬೆಂಚಿನಲ್ಲಿ ಯಾವಾಗಲೂ ತಾಳ ಕುಟ್ಟುವವನೊಬ್ಬನಿದ್ದ, ಮೇಷ್ಟ್ರು ಬೈಯುತ್ತಿದ್ದರು. ಅದನ್ನು ಚರಿತ್ರೆಯೆಂದು ಲೆಕ್ಕಕ್ಕೆ ಹಿಡಿಯಬೇಕೇ? ಅಥವಾ ಅದೂ ಮದುವೆಯಾದ ಮೇಲೆ ಊರಿನವರ ಜತೆ ಸೇರಿ ಆಕೆಯೂ ಬರೆದುಕೊಂಡದ್ದೇ? ದುಷ್ಯಂತನಿಗೆ ತೀರ್ಮಾನಕ್ಕೊಂದು ಉಂಗುರವಿತ್ತು, ಇಲ್ಲಿ ಅದಿಲ್ಲ. ಈ ಪ್ರಶ್ನೆಯನ್ನು ಆಕೆಗೇ ಹಾಕಿದಾಗ ಬಂದ ಉತ್ತರ: ‘ತಾಳ ಕುಟ್ಟಿದ್ದು ಇವರೇನಾ ಅಂತ ನನಗೂ ಈಗ ಅನುಮಾನ.’